ಹೊಸ ರೇಸ್ ಸೈಕಲು ಮೈಗೆ ಒಗ್ಗುವುದೆಂತು?

ನಮ್ಮ ಗಡಿನಾಡಿನ ಮನೆಗಳ ಚಾವಡಿಯಲ್ಲಿ ಈಚೆಗೆ ಹೊಸ ಬಗೆಯ ಸೈಕಲುಗಳು ಕಾಣಿಸತೊಡಗಿವೆ. ತೆಳುವಾದ ಟಯರು, ಕಿರಿದಾದ ಗಟ್ಟಿ ಸೀಟು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲು, ಹತ್ತಾರು ಗಿಯರು. ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ನಿಲ್ಲಿಸಲು ಸ್ಟ್ಯಾಂಡು ಸಹ ಇಲ್ಲ. ಅಂಗಡಿಯವರು ಇದನ್ನು ರೋಡ್ ಬೈಕ್ ಎನ್ನುತ್ತಾರೆ. ಹುಡುಗರ ಬಾಯಲ್ಲಿ ಇದು ರೇಸ್ ಸೈಕಲು.

ಸಾವಿರಾರು ರೂಪಾಯಿ ಸುರಿದು ತಂದ ಈ ಸೈಕಲು ಅನೇಕ ಕಡೆ ತಿಂಗಳೊಪ್ಪತ್ತರಲ್ಲಿ ಗೋಡೆಗೊರಗಿ ಧೂಳು ತಿನ್ನುತ್ತಿರುತ್ತದೆ. ಕಾರಣ ಕೇಳಿದರೆ ಬೆನ್ನು ನೋವು, ಅಂಗೈ ಜೋಮು, ಮೊಣಕಾಲು ಸೆಳೆತ. “ಇದು ನಮಗೆ ಹೇಳಿದ್ದಲ್ಲ ಮಾಷ್ಟ್ರೇ” ಎಂಬ ಮಾತು ಬರುತ್ತದೆ. ಆದರೆ ದೋಷ ಹೆಚ್ಚಾಗಿ ಹುಡುಗನಲ್ಲಿಯೂ ಇಲ್ಲ, ಸೈಕಲಿನಲ್ಲಿಯೂ ಇಲ್ಲ. ಸೈಕಲನ್ನು ಮೈಗೆ ಹೊಂದಿಸುವ ಬದಲು ಮೈಯನ್ನು ಸೈಕಲಿಗೆ ಹೊಂದಿಸಲು ಹೊರಡುವುದೇ ಇದರ ಮೂಲ. ಜತೆಗೆ ಬರುವ ಪುಸ್ತಿಕೆ ಇಂಗ್ಲಿಷಿನಲ್ಲಿರುತ್ತದೆ. ಪೇಟೆಯ ಅಂಗಡಿಯಲ್ಲಿ ವಿವರಿಸಿದರೂ ಅದು ಮಲಯಾಳದಲ್ಲಿ. ಆದ್ದರಿಂದ ತಿಳಿಯಬೇಕಾದ ನಾಲ್ಕು ಸಂಗತಿಗಳನ್ನು ನಮ್ಮ ಮಾತಿನಲ್ಲಿಯೇ ಬರೆಯೋಣವೆಂದು ನಮಗೆ ತೋರಿತು.

ಮೊದಲು ಸೀಟು

ಸೈಕಲನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ ಒಬ್ಬರು ಹಿಡಿದುಕೊಳ್ಳಲಿ. ಸವಾರ ಸೀಟಿನಲ್ಲಿ ಕುಳಿತು ಒಂದು ಪೆಡಲನ್ನು ತೀರ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಲಿ. ಆಗ ಕಾಲು ನೇರವಾಗಬೇಕು, ಸೊಂಟ ಆ ಬದಿಗೆ ವಾಲಬಾರದು. ಅನಂತರ ಹಿಮ್ಮಡಿಯ ಬದಲು ಹೆಬ್ಬೆರಳಿನ ಬುಡದ ದಪ್ಪ ಭಾಗವನ್ನು ಪೆಡಲಿನ ಮೇಲಿಟ್ಟರೆ ಮೊಣಕಾಲು ತುಸು ಬಾಗಿ ನಿಲ್ಲುತ್ತದೆ. ಇದೇ ತಕ್ಕ ಎತ್ತರ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಬೇಕೆಂಬ ಹಳೆಯ ಲೆಕ್ಕ ಇಲ್ಲಿ ನಡೆಯದು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರಬೇಕು.

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವ ಸಂಭವ ಹೆಚ್ಚು. ಹಿಂಭಾಗ ಸೆಳೆಯುತ್ತಿದ್ದರೆ ಎತ್ತರವಾಗಿರುವ ಸಂಭವ. ಒಮ್ಮೆಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬದಲಿಸದೆ ಎರಡು ಮೂರು ದಿನ ಓಡಿಸಿ ನೋಡುವುದು ಕ್ಷೇಮ. ಸೀಟು ಬಹುಮಟ್ಟಿಗೆ ಸಮತಲವಾಗಿರಲಿ. ಮೂಗು ಕೆಳಗಾದರೆ ಮೈಭಾರ ಜಾರಿ ಅಂಗೈಗೆ ಬೀಳುತ್ತದೆ.

ಸೀಟನ್ನು ಹಿಂದೆ ಮುಂದೆ ಸರಿಸುವುದಕ್ಕೂ ಒಂದು ಉಪಾಯವಿದೆ. ಎರಡು ಪೆಡಲುಗಳನ್ನೂ ಒಂದೇ ಮಟ್ಟಕ್ಕೆ ತಂದು, ಮುಂದಿನ ಮೊಣಕಾಲ ಚಿಪ್ಪಿನ ಕೆಳಗಿನಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಿ. ಗೋಡೆ ಕಟ್ಟುವ ಮೇಸ್ತ್ರಿಯ ತೂಗುಗುಂಡಿನ ಕ್ರಮವೇ ಇದು. ದಾರ ಪೆಡಲಿನ ನಡುವಿಗೆ ಬಂದರೆ ಆರಂಭಕ್ಕೆ ಅದು ಸರಿ.

ಕೈಯ ಭಾರ

ಈ ಹ್ಯಾಂಡಲಿನಲ್ಲಿ ಕೈಯಿಡಲು ಮೂರು ಜಾಗಗಳಿವೆ: ಮೇಲಿನ ಅಡ್ಡ ಪಟ್ಟಿ, ಬ್ರೇಕಿನ ರಬ್ಬರು ಹೊದಿಕೆ, ಕೆಳಗಿನ ಬಾಗು. ಹೊಸಬರಿಗೆ ನಡುವಿನದೇ, ಅಂದರೆ ರಬ್ಬರು ಹೊದಿಕೆಯೇ, ಉತ್ತಮ. ಬ್ರೇಕು ಅಲ್ಲಿ ಬೆರಳಿಗೆ ಸಿಗುತ್ತದೆ. ಮೊಣಕೈ ಕೋಲಿನಂತೆ ನೆಟ್ಟಗಿರದೆ ತುಸು ಬಾಗಿರಲಿ. ಹೊಂಡದ ಏಟನ್ನು ಅದು ನುಂಗಿಕೊಳ್ಳುತ್ತದೆ. ಭುಜ ಕಿವಿಗೆ ಏರಬಾರದು. ಕೈಯನ್ನು ಐದಾರು ನಿಮಿಷಕ್ಕೊಮ್ಮೆ ಜಾಗ ಬದಲಿಸಿದರೆ ಅಂಗೈಯ ನರದ ಮೇಲಿನ ಒತ್ತಡ ಇಳಿದು ಜೋಮು ದೂರವಾಗುತ್ತದೆ. ಇಷ್ಟಾದರೂ ಬಿಡದಿದ್ದರೆ ಹ್ಯಾಂಡಲು ದೂರವಾಯಿತೆಂದು ತಿಳಿದು ಅಂಗಡಿಯಲ್ಲಿ ಗಿಡ್ಡ ಸ್ಟೆಮ್ ಹಾಕಿಸಬೇಕು.

ಗಿಯರು ನಾಚಿಕೆಯ ವಿಷಯವಲ್ಲ

ದೊಡ್ಡ ಗಿಯರು ಹಾಕಿ ಹಲ್ಲು ಕಚ್ಚಿ ತುಳಿದರೇ ಗಂಡಸುತನವೆಂಬ ಭಾವನೆ ಕೆಲವು ತರುಣರಲ್ಲಿದೆ. ಈ ಭಾವನೆ ಹಳೆಯದು. 1903ರಲ್ಲಿ ಆರಂಭವಾದ ಫ್ರಾನ್ಸಿನ ಪ್ರಸಿದ್ಧ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರಿಗೆ 1937ರ ವರೆಗೆ ಪ್ರವೇಶವೇ ಇರಲಿಲ್ಲ. ಸ್ಪರ್ಧೆಯ ಸ್ಥಾಪಕ ಹೆನ್ರಿ ಡೆಗ್ರಾಂಜ್ ಅದನ್ನು ಒಪ್ಪುತ್ತಿರಲಿಲ್ಲ. ಇಂದು ಅದಿಲ್ಲದ ರೇಸು ಸೈಕಲು ಆ ಸ್ಪರ್ಧೆಯಲ್ಲಿ ಕಾಣಸಿಗದು.

ಪಳಗಿದವರು ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲು ತಿರುಗಿಸುತ್ತಾರೆ. ಎಣಿಸುವುದು ಸುಲಭ: 15 ಸೆಕೆಂಡಿನಲ್ಲಿ ಬಲ ಮೊಣಕಾಲು 20 ಸಲ ಮೇಲೆ ಬಂದರೆ ನಿಮಿಷಕ್ಕೆ 80 ಆಯಿತು. ಮೊದಲಿಗೆ 60 ಅಥವಾ 70 ಬಂದರೂ ಚಿಂತೆಯಿಲ್ಲ, ಕ್ರಮೇಣ ಏರಿಸಬಹುದು. ಹಗುರವಾಗಿ ಬೇಗ ತಿರುಗಿಸುವುದರಿಂದ ಮೊಣಕಾಲಿಗೆ ಭಾರ ತಗ್ಗುತ್ತದೆ, ದಣಿವು ತಡವಾಗಿ ಬರುತ್ತದೆ.

ನಮ್ಮದು ಮುರಕಲ್ಲಿನ ಗುಡ್ಡಗಳ ನಾಡು. ಕಡಲ ಬದಿಯಿಂದ ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಹೊರಟರೆ ಏರು ಇಳಿತ ತಪ್ಪಿದ್ದಲ್ಲ. ಚಡಾವು ಕಾಲಿಗೆ ತಟ್ಟುವ ಮೊದಲೇ ಗಿಯರನ್ನು ಹಗುರಗೊಳಿಸಬೇಕು. ಅರ್ಧ ಏರಿದ ಮೇಲೆ ಬಲವಾಗಿ ತುಳಿಯುತ್ತ ಬದಲಿಸಿದರೆ ಚೈನು ಕಳಚೀತು. ಮುಂದಿನ ದೊಡ್ಡ ಚಕ್ರ ಮತ್ತು ಹಿಂದಿನ ದೊಡ್ಡ ಚಕ್ರ ಎರಡನ್ನೂ ಒಟ್ಟಿಗೆ ಬಳಸಬಾರದು. ಚೈನು ಓರೆಯಾಗಿ ಬೇಗ ಸವೆಯುತ್ತದೆ.

ಇಳಿಜಾರು ಮತ್ತು ಮಳೆ

ಪ್ರಾಣದ ಪ್ರಶ್ನೆ ಇರುವುದು ಇಳಿಯುವಲ್ಲಿ. ಯಾವ ಕೈ ಮುಂದಿನ ಬ್ರೇಕು ಎಂಬುದು ಎಲ್ಲ ಸೈಕಲುಗಳಲ್ಲಿ ಒಂದೇ ರೀತಿ ಇರುವುದಿಲ್ಲ. ರಸ್ತೆಗಿಳಿಯುವ ಮೊದಲು ಅಂಗಳದಲ್ಲಿಯೇ ಪರೀಕ್ಷಿಸಿ ನೋಡಬೇಕು. ಸೈಕಲನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲಿ; ಆದರೆ ಅದನ್ನೇ ಥಟ್ಟನೆ ಹಿಡಿದರೆ ತಲೆಕೆಳಗಾಗುವ ಅಪಾಯ. ಎರಡನ್ನೂ ಒಟ್ಟಿಗೆ, ಮೆಲ್ಲನೆ ಬಲ ಹೆಚ್ಚಿಸುತ್ತ ಹಿಡಿಯಿರಿ. ಮೈಯನ್ನು ತುಸು ಹಿಂದಕ್ಕೆ ಸರಿಸಿರಿ. ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ವೇಗ ಇಳಿಯಬೇಕು. ತಿರುಗುವಾಗ ಹೊರಬದಿಯ ಪೆಡಲು ಕೆಳಗಿರಲಿ, ದೃಷ್ಟಿ ತಿರುವು ಮುಗಿಯುವ ಕಡೆಗಿರಲಿ. ಕಣ್ಣು ಹೊಂಡದಲ್ಲಿ ನೆಟ್ಟರೆ ಚಕ್ರವೂ ಅಲ್ಲಿಗೇ ಹೋಗುತ್ತದೆ.

ಬೇಸಿಗೆಯ ಬಳಿಕದ ಮೊದಲ ಮಳೆಗೆ ರಸ್ತೆಯ ಎಣ್ಣೆಜಿಡ್ಡು ಮೇಲೆದ್ದು ಜಾರುತ್ತದೆ. ಬಿಳಿ ಪಟ್ಟಿ, ಒದ್ದೆ ತರಗೆಲೆ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕು ಹಿಡಿಯದಿರುವುದೇ ಲೇಸು. ಟಯರಿನ ಪಕ್ಕದಲ್ಲಿ ಅಚ್ಚಾದ ಗಾಳಿಯ ಅಂಕೆ ಗರಿಷ್ಠ ಮಿತಿ, ಅಷ್ಟನ್ನೂ ತುಂಬಲೇಬೇಕೆಂದಿಲ್ಲ. ಒದ್ದೆ ರಸ್ತೆಗೆ ತುಸು ಕಡಿಮೆಯೇ ಒಳ್ಳೆಯದು. ಸಪುರ ವಾಲ್ವು ಇದ್ದರೆ ಸಾಮಾನ್ಯ ಪಂಪು ಹಿಡಿಯುವುದಿಲ್ಲ. ತಕ್ಕ ಪಂಪು ಮನೆಯಲ್ಲಿರಬೇಕು.

ಆರು ಪಥದ ಹೆದ್ದಾರಿ ಕಲಿಯುವ ಸ್ಥಳವಲ್ಲ. ವಾಹನ ಕಡಿಮೆಯಿರುವ ಒಳರಸ್ತೆಯಲ್ಲಿ, ಬೆಳಗಿನ ಹೊತ್ತು, ಮೊದಲ ವಾರ ಎಂಟು ಹತ್ತು ಕಿಲೋಮೀಟರು ಸಾಕು. ತಲೆಗೆ ಹೆಲ್ಮೆಟು, ಹಿಂದೆ ಕೆಂಪು ದೀಪ, ಹ್ಯಾಂಡಲಿಗೆ ಒಂದು ಬೆಲ್ಲು ಇರಲಿ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಗನೋ ಮಗಳೋ ಸೈಕಲನ್ನು ಮೂಲೆಗಿಟ್ಟರೆ ಸೋಮಾರಿಯೆಂದು ಗದರಿಸುವ ಮೊದಲು ಒಮ್ಮೆ ಸೀಟಿನ ಎತ್ತರ ನೋಡಿರಿ. ಒಂದು ಅಲೆನ್ ಕೀ, ಒಂದು ದಾರ, ಅರ್ಧ ಗಂಟೆಯ ಬಿಡುವು ಇದ್ದರೆ ಆ ಕೆಲಸ ಅಂಗಳದಲ್ಲಿಯೇ ಮುಗಿಯುತ್ತದೆ.