ಗಣಕಯಂತ್ರದ ಜ್ಞಾಪಕಪಟ್ಟಿ: ದೋಷವೋ, ಹೊಂದಾಣಿಕೆಯ ಕೊರತೆಯೋ?

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಹಳೆಯದೊಂದು ಗಣಕಯಂತ್ರವಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಅಳತೆಗಳ ಲೆಕ್ಕವನ್ನೂ ನಕ್ಷೆಗಳನ್ನೂ ಅದರಲ್ಲಿಯೇ ಸಿದ್ಧಪಡಿಸಬೇಕು. ಅದರ ಜ್ಞಾಪಕಶಕ್ತಿ ೨ ಗಿಗಾಬೈಟ್ ಮಾತ್ರವೇ ಇದ್ದುದರಿಂದ ಕೆಲಸವು ಬಸವನಹುಳುವಿನಂತೆ ತೆವಳುತ್ತಿದ್ದಿತು. ಆದಕಾರಣ ೪ ಗಿಗಾಬೈಟಿನ ಇನ್ನೊಂದು ರ‍್ಯಾಮ್ ಪಟ್ಟಿಯನ್ನು ಕೊಂಡು ತಂದೆವು. ವಿದ್ಯಾರ್ಥಿಯೊಬ್ಬನು ಉತ್ಸಾಹದಿಂದ ಅದನ್ನು ಖಾಲಿಯಿದ್ದ ಸ್ಲಾಟಿನಲ್ಲಿ ಕೂರಿಸಿ ಗುಂಡಿಯನ್ನೊತ್ತಿದನು. ಫ್ಯಾನು ತಿರುಗಿತು, ಯಂತ್ರವು ‘ಬೀಪ್, ಬೀಪ್’ ಎಂದು ಕೂಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

‘ಬಲವಾಗಿ ಒತ್ತಿ ಮದರ್‌ಬೋರ್ಡನ್ನೇ ಕೆಡಿಸಿದೆ’ ಎಂದು ಒಬ್ಬರು ಗದರಿದರು. ‘ಅಂಗಡಿಯವನು ಕೆಟ್ಟ ಮಾಲು ಕೊಟ್ಟಿದ್ದಾನೆ’ ಎಂದು ಇನ್ನೊಬ್ಬರು. ಹುಡುಗನ ಮುಖ ಬಾಡಿತು. ‘ಖರ್ಚನ್ನು ನಾನೇ ಕೊಡುತ್ತೇನೆ, ಸಾರ್’ ಎಂದನು. ನಿಜವಾಗಿ ದೋಷವು ಯಾರದು? ಇದನ್ನು ಕಂಡುಕೊಳ್ಳಲು ನಮಗೆ ಎರಡು ದಿನ ಹಿಡಿಯಿತು. ಕಂಡುಕೊಂಡ ಬಗೆಯು ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಪಟ್ಟಿಯೊಳಗೆ ಏನಿದೆ ಎಂಬುದನ್ನು ನೋಡೋಣ. ಅದರ ಮೇಲಿನ ಕಪ್ಪು ಚಿಪ್‌ಗಳಲ್ಲಿ ಅಸಂಖ್ಯಾತ ಕೋಶಗಳುಂಟು. ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಅತಿ ಸಣ್ಣ ಕೆಪ್ಯಾಸಿಟರ್‌ಗಳಿಂದ ಆದುದು. ಕೆಪ್ಯಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ ‘ಒಂದು’, ಇಲ್ಲದಿದ್ದರೆ ‘ಸೊನ್ನೆ’ ಎಂದು ಓದುವುದು ವಾಡಿಕೆ. ಈ ಸರಳ ರಚನೆಗಾಗಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡರಿಗೆ ೧೯೬೮ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ೧೯೭೦ರಲ್ಲಿ ಹೊರಬಂದ ಇಂಟೆಲ್ ಸಂಸ್ಥೆಯ ೧೧೦೩ ಎಂಬ ಚಿಪ್ ೧,೦೨೪ ಬಿಟ್‌ಗಳನ್ನು ಹಿಡಿಯುತ್ತಿದ್ದಿತು. ಇಂದಿನ ಒಂದು ಚಿಪ್ ನೂರಾರು ಕೋಟಿ ಬಿಟ್‌ಗಳನ್ನು ಹಿಡಿಯಬಲ್ಲುದು.

ಆದರೆ ಈ ಕೆಪ್ಯಾಸಿಟರ್ ಸೋರುವ ಕೊಡವಿದ್ದಂತೆ. ತುಂಬಿದ ಆವೇಶವು ತಾನಾಗಿಯೇ ಜಿನುಗಿಹೋಗುವುದು. ಆದ್ದರಿಂದ ಪ್ರತಿಯೊಂದು ಸಾಲನ್ನೂ ಮತ್ತೆ ಮತ್ತೆ ಓದಿ ತುಂಬುತ್ತಿರಬೇಕು. ನಮ್ಮ ಯಂತ್ರದ ಡಿಡಿಆರ್-೩ ಜಾತಿಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳೊಳಗೆ ಎಲ್ಲ ಸಾಲುಗಳ ಸರದಿಯೂ ಒಮ್ಮೆ ಮುಗಿಯತಕ್ಕದ್ದು. ಈ ಕೆಲಸವನ್ನು ಮಾಡಿಸುವ ಅಂಗಕ್ಕೆ ಜ್ಞಾಪಕ ನಿಯಂತ್ರಕವೆಂದು ಹೆಸರು. ನಿಯಂತ್ರಕವೂ ಪಟ್ಟಿಯೂ ಒಂದೇ ಭಾಷೆಯನ್ನಾಡಿದರೆ ಮಾತ್ರ ಯಂತ್ರವು ನಡೆಯುವುದು.

ಆ ಭಾಷೆಯ ಮೊದಲ ಅಂಶ ವೋಲ್ಟೇಜು. ಡಿಡಿಆರ್-೨ಕ್ಕೆ ೧.೮ ವೋಲ್ಟ್, ಡಿಡಿಆರ್-೩ಕ್ಕೆ ೧.೫, ಡಿಡಿಆರ್-೪ಕ್ಕೆ ೧.೨, ಡಿಡಿಆರ್-೫ಕ್ಕೆ ೧.೧ ವೋಲ್ಟ್ ಎಂದು ನಿಗದಿಯಾಗಿದೆ. ಒಂದು ಪೀಳಿಗೆಯ ಪಟ್ಟಿಯು ಇನ್ನೊಂದರ ಸ್ಲಾಟಿನಲ್ಲಿ ಕೂರಬಾರದೆಂದೇ ಅಂಚಿನಲ್ಲಿರುವ ಕಚ್ಚನ್ನು ಬೇರೆ ಬೇರೆ ಸ್ಥಾನದಲ್ಲಿ ಕೊರೆದಿರುತ್ತಾರೆ. ಕಚ್ಚು ಹೊಂದದಿದ್ದರೆ ಬಲಪ್ರಯೋಗವು ಸಲ್ಲದು. ಎರಡನೆಯ ಅಂಶ ಕಾಲ. ಪ್ರತಿಯೊಂದು ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್‌ನಲ್ಲಿ ಅದರ ಜಾತಿ, ವೇಗ, ರಚನೆಗಳ ವಿವರವನ್ನು ತಯಾರಕರು ಬರೆದಿರುತ್ತಾರೆ. ಯಂತ್ರವು ಏಳುವಾಗ ಬಯೋಸ್ ಎಂಬ ಮೂಲ ಕ್ರಮವಿಧಿಯು ಇದನ್ನು ಓದಿಕೊಂಡು ನಿಯಂತ್ರಕವನ್ನು ಸಜ್ಜುಗೊಳಿಸುತ್ತದೆ. ಎರಡು ಪಟ್ಟಿಗಳ ವೇಗವು ಬೇರೆಯಾಗಿದ್ದರೆ ಸಾಮಾನ್ಯವಾಗಿ ಎರಡೂ ನಿಧಾನವಾದುದರ ವೇಗದಲ್ಲಿಯೇ ನಡೆಯುವುವು.

ನಮ್ಮ ಎರಡು ಪಟ್ಟಿಗಳೂ ಡಿಡಿಆರ್-೩. ವೋಲ್ಟೇಜು ಒಂದೇ, ಕಚ್ಚು ಒಂದೇ, ಚೀಟಿಯಲ್ಲಿ ಬರೆದ ವೇಗವೂ ಒಂದೇ. ಹಾಗಾದರೆ ಜಗಳವೆಲ್ಲಿ?

ಮೀಟರ್ ಸೇತುವೆಯ ಪ್ರಯೋಗದಲ್ಲಿ ನಾವು ಎರಡು ರೋಧಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯುತ್ತೇವಷ್ಟೆ. ಏಕೆ? ತಪ್ಪು ರೋಧದ್ದೋ ಸೇತುವೆಯದ್ದೋ ಎಂಬುದು ಬೇರೆಯಾಗಲೆಂದು. ಇಲ್ಲಿಯೂ ಅದೇ ಉಪಾಯವನ್ನು ಹಿಡಿದೆವು. ವಿದ್ಯುತ್ ತಂತಿಯನ್ನು ಕಿತ್ತು, ಕೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿ, ಒಂದು ಸಲಕ್ಕೆ ಒಂದೇ ಪಟ್ಟಿಯನ್ನು ಒಂದೇ ಸ್ಲಾಟಿನಲ್ಲಿಟ್ಟು ನೋಡಿದೆವು. ಹಳೆಯ ಪಟ್ಟಿಯು ಮೊದಲನೆಯ ಸ್ಲಾಟಿನಲ್ಲಿ ನಡೆಯಿತು, ಎರಡನೆಯದರಲ್ಲಿಯೂ ನಡೆಯಿತು. ಹೊಸ ಪಟ್ಟಿಯು ಎರಡರಲ್ಲಿಯೂ ನಡೆಯಲಿಲ್ಲ.

ಈ ನಾಲ್ಕು ಸಾಲಿನ ಫಲಿತಾಂಶದಿಂದಲೇ ಹುಡುಗನು ನಿರ್ದೋಷಿಯೆಂದು ತಿಳಿಯಿತು. ಅವನು ಒತ್ತಿದ ಸ್ಲಾಟು ಮುರಿದಿದ್ದರೆ ಹಳೆಯ ಪಟ್ಟಿಯು ಅದರಲ್ಲಿ ನಡೆಯುತ್ತಿತ್ತೆ? ಇನ್ನುಳಿದ ಸಂದೇಹ ಹೊಸ ಪಟ್ಟಿಯ ಮೇಲೆ. ಅದನ್ನು ಇನ್ನೂ ಈಚಿನದಾದ ಬೇರೊಂದು ಯಂತ್ರದಲ್ಲಿಟ್ಟು, ಮೆಮ್‌ಟೆಸ್ಟ್-೮೬ ಎಂಬ ಪರೀಕ್ಷಾ ಕ್ರಮವಿಧಿಯನ್ನು ರಾತ್ರಿಯಿಡೀ ಓಡಿಸಿದೆವು. ಈ ಕ್ರಮವಿಧಿಯು ಪಟ್ಟಿಯಲ್ಲಿ ಗೊತ್ತಾದ ಮಾದರಿಗಳನ್ನು ಬರೆದು, ಮರಳಿ ಓದಿ, ತಾಳೆ ನೋಡುತ್ತದೆ. ಬೆಳಗ್ಗೆ ನೋಡಿದರೆ ಒಂದು ತಪ್ಪೂ ಇಲ್ಲ! ಯಂತ್ರವೂ ಸರಿ, ಪಟ್ಟಿಯೂ ಸರಿ. ಇಬ್ಬರು ಸಜ್ಜನರಿಗೆ ಪರಸ್ಪರ ಮಾತು ತಿಳಿಯದಂತಹ ಸ್ಥಿತಿ.

ಉತ್ತರವು ಚಿಪ್‌ಗಳ ಎಣಿಕೆಯಲ್ಲಿದ್ದಿತು. ಹಳೆಯ ಪಟ್ಟಿಯಲ್ಲಿ ೨ ಗಿಗಾಬಿಟ್ಟಿನ ಎಂಟು ಚಿಪ್‌ಗಳು. ಒಟ್ಟು ೧೬ ಗಿಗಾಬಿಟ್, ಎಂದರೆ ೨ ಗಿಗಾಬೈಟ್. ಹೊಸದರಲ್ಲಿಯೂ ಎಂಟೇ ಚಿಪ್‌ಗಳು. ಆದರೆ ಒಂದೊಂದೂ ೪ ಗಿಗಾಬಿಟ್ಟಿನದು. ಚಿಪ್ ಒಂದರಿಂದ ಒಂದು ಸಲಕ್ಕೆ ೮ ಬಿಟ್‌ಗಳು ಹೊರಬರುವುದರಿಂದ, ೨ ಗಿಗಾಬಿಟ್ಟಿನ ಚಿಪ್‌ನಲ್ಲಿ ಎಂಟೆಂಟು ಬಿಟ್‌ಗಳ ಗೂಡುಗಳ ಸಂಖ್ಯೆ ೨ರ ೨೮ನೆಯ ಘಾತ. ಗೂಡಿನ ವಿಳಾಸಕ್ಕೆ ೨೮ ದ್ವಿಮಾನ ಅಂಕಿಗಳು ಬೇಕು: ವಿಭಾಗವನ್ನು ಹೇಳಲು ೩, ಅಡ್ಡಸಾಲಿಗೆ ೧೫, ಕಂಬಸಾಲಿಗೆ ೧೦. ಚಿಪ್ ಇಮ್ಮಡಿಯಾದಾಗ ಅಡ್ಡಸಾಲಿಗೆ ೧೬ ಅಂಕಿಗಳು ಬೇಕಾಗುವುವು. ನಮ್ಮ ಹಳೆಯ ನಿಯಂತ್ರಕವು ೨ ಗಿಗಾಬಿಟ್ಟಿನ ಚಿಪ್‌ಗಳವರೆಗೆ ಮಾತ್ರವೇ ಬಲ್ಲುದೆಂದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದಿತು. ಎರಡಂಕಿಯ ಮನೆಸಂಖ್ಯೆಗಳನ್ನು ಮಾತ್ರ ಬಲ್ಲ ಅಂಚೆಯವನಿಗೆ ನೂರೈದನೆಯ ಮನೆಯ ಕಾಗದವನ್ನು ಕೊಟ್ಟಂತಾಯಿತು! ಮನೆಯಿದೆ, ಅಂಚೆಯವನೂ ಇದ್ದಾನೆ. ಕಾಗದವು ಮಾತ್ರ ತಲುಪುವುದಿಲ್ಲ.

ಪರಿಹಾರವು ಸುಲಭವಾಯಿತು. ಅದೇ ೪ ಗಿಗಾಬೈಟಿನ ಪಟ್ಟಿ, ಆದರೆ ೨ ಗಿಗಾಬಿಟ್ಟಿನ ೧೬ ಚಿಪ್‌ಗಳನ್ನು ಎರಡು ಮೈಗಳಲ್ಲಿಯೂ ಹೊತ್ತದ್ದು ಬೇಕೆಂದು ಅಂಗಡಿಯವರನ್ನು ಕೇಳಿದೆವು. ಅವರು ಬದಲಿಸಿಕೊಟ್ಟರು. ಎಂಟು ಚಿಪ್‌ನ ಪಟ್ಟಿಯ ಚೀಟಿಯಲ್ಲಿ ‘೧ಆರ್‌ಎಕ್ಸ್೮’ ಎಂದೂ ಹದಿನಾರರದರಲ್ಲಿ ‘೨ಆರ್‌ಎಕ್ಸ್೮’ ಎಂದೂ ಇರುವುದನ್ನು ಆಗಲೇ ಗಮನಿಸಿದ್ದು. ಅದನ್ನು ಕೂರಿಸಿದೊಡನೆ ಪರದೆ ಬೆಳಗಿತು. ಯಂತ್ರವು ೬ ಗಿಗಾಬೈಟ್ ಎಂದು ಲೆಕ್ಕ ಒಪ್ಪಿಸಿತು.

ಎಲ್ಲ ತೊಂದರೆಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕೆಲವೊಮ್ಮೆ ಯಂತ್ರವು ಏಳುತ್ತದೆ, ಆದರೆ ನಡುವೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಆಗ ಕಾಲದ ಹೊಂದಾಣಿಕೆಯನ್ನು ಸಂದೇಹಿಸಬೇಕು. ೧೩೩೩ ಎಂಬ ವೇಗದ ಡಿಡಿಆರ್-೩ ಪಟ್ಟಿಯಲ್ಲಿ ಗಡಿಯಾರದ ಒಂದು ಮಿಡಿತಕ್ಕೆ ೧.೫ ನ್ಯಾನೊಸೆಕೆಂಡು ಮಾತ್ರ. ಅಷ್ಟರಲ್ಲಿ ಬೆಳಕೇ ಶೂನ್ಯದಲ್ಲಿ ೪೫ ಸೆಂಟಿಮೀಟರ್ ಸಾಗುವುದು. ಬೋರ್ಡಿನ ತಾಮ್ರದ ಗೆರೆಗಳಲ್ಲಿ ಸಂಕೇತವು ಸಾಗುವ ದೂರ ಸುಮಾರು ಅದರ ಅರ್ಧ. ಇಷ್ಟು ಇಕ್ಕಟ್ಟಾದ ಅವಧಿಯಲ್ಲಿ ಎರಡು ಬಗೆಯ ಪಟ್ಟಿಗಳು ಹೆಜ್ಜೆಗೆ ಹೆಜ್ಜೆ ಕೂಡಿಸಲಾರದೆ ಹೋದರೆ ಆಶ್ಚರ್ಯವೇನು? ಹೊಸ ಪಟ್ಟಿಗಳಲ್ಲಿ ಎಕ್ಸ್‌ಎಂಪಿ ಎಂಬ ಅತಿವೇಗದ ಏರ್ಪಾಡನ್ನು ಬಯೋಸಿನಲ್ಲಿ ನಿಲ್ಲಿಸಿ, ನಿಗದಿಯಾದ ವೇಗಕ್ಕೆ ಇಳಿಸಿ ನೋಡಬೇಕು. ಸರ್ವರ್ ಯಂತ್ರಗಳಿಗೆಂದು ಮಾಡಿದ ‘ರೆಜಿಸ್ಟರ್ಡ್’ ಪಟ್ಟಿಗಳು ಅಗ್ಗವಾಗಿ ಸಿಕ್ಕರೂ ಸಾಮಾನ್ಯ ಮೇಜುಯಂತ್ರದಲ್ಲಿ ನಡೆಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಕೊಳ್ಳುವ ಮೊದಲು ಕೈಪಿಡಿಯನ್ನು ಓದುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಆ ವಿದ್ಯಾರ್ಥಿಯು ಒಂದು ಕಾಸನ್ನೂ ಕೊಡಬೇಕಾಗಲಿಲ್ಲ. ನಾಲ್ಕು ಪರೀಕ್ಷೆಗಳ ಫಲಿತಾಂಶವನ್ನು ಅವನೇ ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದಾನೆ. ಅವನನ್ನು ಗದರಿದವರೇ ಈಗ ಯಂತ್ರ ಮುನಿಸಿಕೊಂಡಾಗಲೆಲ್ಲ ಮೊದಲು ಆ ಹಾಳೆಯನ್ನು ನೋಡುತ್ತಾರೆ.