ಸಾವನದುರ್ಗದ ಹೆಬ್ಬಂಡೆಯೂ ಐದು ಸೆಂಟಿಮೀಟರ್ ಅಲೆಯೂ

ಹವ್ಯಾಸಿ ರೇಡಿಯೊ ಬಳಸುವವರ, ಅಂದರೆ ಹ್ಯಾಮ್‌ಗಳ, ಲೆಕ್ಕದಲ್ಲಿ ಬೆಟ್ಟವೆಂಬುದು ಏರಿ ನಿಂತು ಮಾತನಾಡುವ ಎತ್ತರ, ಇಲ್ಲವೇ ಮಾತಿಗೆ ಅಡ್ಡ ನಿಲ್ಲುವ ಗೋಡೆ. ಆದರೆ ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿ ನಿಂತು ಕರಿಗುಡ್ಡ, ಬಿಳಿಗುಡ್ಡಗಳ ಬೋಳು ಮೈಯನ್ನು ಮೈಕ್ರೋವೇವ್ ತರಂಗಗಳ ದೃಷ್ಟಿಯಿಂದ ಅಳೆದವರಿಗೆ ಮೂರನೆಯ ಸಾಧ್ಯತೆಯೊಂದು ಹೊಳೆಯದಿರದು. ಬಂಡೆಯೇ ಅಲೆಯನ್ನು ಹಿಡಿದು ಬೇರೆ ದಿಕ್ಕಿಗೆ ತಿರುಗಿಸಬಲ್ಲದು.

ಒಂದು ಗಿಗಾಹರ್ಟ್ಸ್‌ಗಿಂತ ಮೇಲಿನ, ಅಂದರೆ ಮೂವತ್ತು ಸೆಂಟಿಮೀಟರಿಗಿಂತ ಕಿರಿದಾದ ಅಲೆಗಳನ್ನು ಮೈಕ್ರೋವೇವ್ ಎನ್ನುವುದು ವಾಡಿಕೆ. ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆದ ಭಾರತೀಯ ಹ್ಯಾಮ್‌ಗಳ ಪಟ್ಟಿಯಲ್ಲಿ ಇಂಥವುಗಳ ಪೈಕಿ 1260ರಿಂದ 1300 ಮೆಗಾಹರ್ಟ್ಸ್ ಮತ್ತು 5725ರಿಂದ 5840 ಮೆಗಾಹರ್ಟ್ಸ್ ಸೇರಿದ್ದು, ಎರಡನೆಯದರ ಅಲೆಯುದ್ದ ಸುಮಾರು ಐದು ಸೆಂಟಿಮೀಟರ್. ಶಾರ್ಟ್‌ವೇವ್‌ನಂತೆ ಇವು ಅಯಾನುಗೋಳಕ್ಕೆ ತಾಗಿ ಭೂಮಿಗೆ ಮರಳುವುದಿಲ್ಲ; ಬೆಳಕಿನಂತೆ ನೇರ ಸಾಗುತ್ತವೆ. ಆದರೂ 1895ರಲ್ಲಿ ಕಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸ್ ಮಿಲಿಮೀಟರ್ ಅಲೆಗಳನ್ನು ಪ್ರದರ್ಶಿಸಿದ ಮೇಲೆ, 1932ರಲ್ಲಿ ಮಾರ್ಕೋನಿ ಮೈಕ್ರೋವೇವ್‌ನ ಹೊಸ್ತಿಲಲ್ಲಿರುವ 57 ಸೆಂಟಿಮೀಟರ್ ಅಲೆಯನ್ನು ರೋಮ್ ಬಳಿಯ ರೊಕ್ಕಾ ದಿ ಪಾಪಾದಿಂದ ದಿಗಂತದಾಚೆಗಿನ ಸಾರ್ಡೀನಿಯಕ್ಕೆ ಮುಟ್ಟಿಸಿದ್ದುಂಟು, 1994ರಲ್ಲಿ ಆಸ್ಟ್ರೇಲಿಯದ ಹ್ಯಾಮ್‌ಗಳು 10 ಗಿಗಾಹರ್ಟ್ಸ್‌ನಲ್ಲಿ 1,900 ಕಿಲೋಮೀಟರ್ ದಾಟಿದ್ದೂ ಉಂಟು. ಕಡಲ ಮೇಲಿನ ಗಾಳಿಯ ಪದರಗಳು ಅಲೆಯನ್ನು ಕೊಳವೆಯೊಳಗಿನಂತೆ ಹೊತ್ತೊಯ್ದ ಇಂಥ ದಾಖಲೆಗಳಿಗೆ ಸಿಗುವಷ್ಟು ಗೌರವ ಗುಡ್ಡಗಾಡಿನ ಅರವತ್ತು ಕಿಲೋಮೀಟರಿಗೆ ಸಿಗದಿರುವುದು ಅಷ್ಟೇನೂ ನ್ಯಾಯವಲ್ಲ.

ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗಕ್ಕೂ 1,478 ಮೀಟರಿನ ನಂದಿಬೆಟ್ಟಕ್ಕೂ ನಡುವೆ ಇರುವುದು ಸುಮಾರು 65 ಕಿಲೋಮೀಟರ್, ಆ ಗೆರೆಯ ನಡುಬಿಂದು ಬೀಳುವುದು ಹೆಸರಘಟ್ಟದ ಆಸುಪಾಸಿನಲ್ಲಿ. ಗಾಳಿಯಲ್ಲಿ ಅಲೆಯ ಸಾಮಾನ್ಯ ಬಾಗುವಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಅಲ್ಲಿ ಭೂಮಿಯ ಉಬ್ಬು ಅರವತ್ತು ಮೀಟರಿನಷ್ಟು. ಅಲೆ ನಿರಾತಂಕವಾಗಿ ಹಾಯಲು ನೇರಗೆರೆಯ ಸುತ್ತ ಬೇಕಾದ ತೆರವು, ಅಂದರೆ ಫ್ರೆನೆಲ್ ವಲಯದ ತ್ರಿಜ್ಯ, ಐದು ಸೆಂಟಿಮೀಟರ್ ಅಲೆಗೆ ಮೂವತ್ತು ಮೀಟರಿಗೂ ತುಸು ಕಡಿಮೆ. ಎರಡನ್ನೂ ಕಳೆದ ಮೇಲೂ ಗೆರೆಯು ನೆಲದಿಂದ ಮುನ್ನೂರು ಮೀಟರ್ ಮೇಲೆಯೇ ಉಳಿಯುವುದರಿಂದ ಇಲ್ಲಿ ಸಂಪರ್ಕ ಸಾಧಿಸುವುದು ಕಾಲಿನ ಕಸುವಿನ ಪರೀಕ್ಷೆಯೇ ಹೊರತು ರೇಡಿಯೊ ಕೌಶಲದ ಪರೀಕ್ಷೆಯಲ್ಲ.

ಕುತೂಹಲ ಕೆರಳಿಸುವುದು ಬೆಟ್ಟ ಹತ್ತದವರ ದಾರಿ. ಎರಡು ಊರುಗಳ ನಡುವೆ ನೇರ ದೃಷ್ಟಿ ಇಲ್ಲದಿದ್ದರೂ ಎರಡಕ್ಕೂ ಒಂದೇ ಬೆಟ್ಟ ಕಾಣುತ್ತಿದ್ದರೆ, ಇಬ್ಬರೂ ತಮ್ಮ ಡಿಶ್ ಆಂಟೆನಾಗಳನ್ನು ಪರಸ್ಪರರತ್ತ ಅಲ್ಲದೆ ಆ ಬೆಟ್ಟದತ್ತ ತಿರುಗಿಸುವ ವಿಧಾನ ಆಲ್ಪ್ಸ್ ಪ್ರದೇಶದ ಹ್ಯಾಮ್‌ಗಳಿಗೆ ಹಳೆಯ ಅಭ್ಯಾಸ. ಚನ್ನಪಟ್ಟಣಕ್ಕೂ ಬೆಂಗಳೂರಿಗೂ ನಡುವೆ ರಾಮನಗರದ ಬಂಡೆಸಾಲು ಎದ್ದು ನಿಂತಿರುವುದರಿಂದ ಈ ಸೀಮೆಗೆ ಆ ವಿಧಾನ ಚೆನ್ನಾಗಿಯೇ ಒಪ್ಪುತ್ತದೆ. ರಾಮನಗರದ ಹಿಂದಿನ ಹೆಸರನ್ನೇ ಹೊತ್ತು ಭೂವಿಜ್ಞಾನಿಗಳಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ, ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆ ತನ್ನ ಮೇಲೆ ನೇರವಾಗಿ ಬಿದ್ದ ಮೈಕ್ರೋವೇವ್ ಶಕ್ತಿಯಲ್ಲಿ ಐದರಿಂದ ಏಳರಲ್ಲೊಂದು ಪಾಲನ್ನು ಹಿಂದಿರುಗಿಸೀತೆಂದು ಗ್ರಾನೈಟ್‌ನ ವಿದ್ಯುತ್ ಗುಣಗಳಿಂದ ಲೆಕ್ಕಹಾಕಬಹುದು. ಮಳೆಯಲ್ಲಿ ನೆನೆದಾಗ ಆ ಪಾಲು ಇನ್ನೂ ಹೆಚ್ಚು. ಎಲೆಗಳೇ ಅಲೆಯನ್ನು ಹೀರಿ ಚದುರಿಸಿಬಿಡುವ ಮಲೆನಾಡಿನ ದಟ್ಟ ಕಾಡಿನ ಬೆಟ್ಟಕ್ಕಿಂತ ಈ ಬೋಳು ಬಂಡೆ ಎಷ್ಟೋ ಮೇಲು. ಬಂಡೆಯ ಮೇಲೆ ಯಾರೂ ಕಾಲಿಡಬೇಕಿಲ್ಲವಾದ್ದರಿಂದ, 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರಬೆಟ್ಟವನ್ನು ಬಳಸಿದರೂ ಹಕ್ಕಿಗಳ ಗೂಡಿಗೆ ಕಿರುಕುಳವಿಲ್ಲ.

ಆದರೆ ಈ ಬಂಡೆಗಳ ಚೆಲುವೇ ಅವುಗಳ ಕೊರತೆ. ಪದರಪದರವಾಗಿ ಸಿಪ್ಪೆ ಬಿಟ್ಟು ದುಂಡಗಾದ ಗುಮ್ಮಟಗಳು, ವಾಹನದ ಪಕ್ಕದ ಉಬ್ಬುಗನ್ನಡಿಯಂತೆ, ಬಂದದ್ದನ್ನು ಅಗಲಕ್ಕೆ ಹರಡಿಬಿಡುತ್ತವೆ. ಕೇಳುಗರು ಹೆಚ್ಚು ದಿಕ್ಕುಗಳಲ್ಲಿ ಸಿಗುತ್ತಾರೆ, ಪ್ರತಿಯೊಬ್ಬರ ಪಾಲಿಗೆ ಬರುವ ಶಕ್ತಿ ಮಾತ್ರ ಚೂರುಪಾರು. ಬೆಟ್ಟದ ನೆತ್ತಿಯ ಮೇಲಿಂದ ಅಲೆ ಬಾಗಿ ಆಚೆಗಿಳಿಯುವ ವಿವರ್ತನೆಗಂತೂ ದುಂಡುತನ ಇನ್ನೂ ಮಾರಕ. 1950ರ ದಶಕದ ಆರಂಭದಲ್ಲಿ ಅಲಾಸ್ಕದ ಪರ್ವತಗಳಾಚೆಗೆ, ಮೈಕ್ರೋವೇವ್‌ಗಿಂತ ಉದ್ದವಾದ ವಿಎಚ್‌ಎಫ್ ಅಲೆಗಳನ್ನು ಅಳೆದವರು, ಅಷ್ಟೇ ದೂರದ ಸಪಾಟು ನೆಲದ ಮೇಲಿಗಿಂತ ನಡುವೆ ಚೂಪು ಶಿಖರವಿದ್ದಾಗಲೇ ಸಂಕೇತ ಬಲವಾಗಿ ಬರುವುದನ್ನು ಕಂಡು ಅದಕ್ಕೆ ಅಡ್ಡಿಯ ಗಳಿಕೆ ಎಂಬರ್ಥದ ಹೆಸರಿಟ್ಟರು. ಆ ಲಾಭ ಕತ್ತಿಯ ಅಲುಗಿನಂಥ ಶಿಖರದ್ದು. ಅಲೆ ಕಿರಿದಾದಷ್ಟೂ ಬಾಗುವಿಕೆ ಕುಗ್ಗುವುದರಿಂದ, ಐದು ಸೆಂಟಿಮೀಟರಿನಲ್ಲಿ ಸಾವನದುರ್ಗದ ನುಣುಪು ನೆತ್ತಿಯಿಂದ ಅಂಥ ಔದಾರ್ಯ ನಿರೀಕ್ಷಿಸಲಾಗದು. 'ಶೋಲೆ' ಚಲನಚಿತ್ರದ ಕ್ಯಾಮೆರಾಕ್ಕೆ ಒಲಿದ ರಾಮನಗರದ ಬಂಡೆಗಳು ಮೈಕ್ರೋವೇವ್‌ಗೂ ಹಾಗೆಯೇ ಒಲಿಯುತ್ತವೆಂದು ನಂಬಿದವರಿಗೆ ಇದು ತುಸು ಕಹಿ.

ಕನಕಪುರ ತಾಲ್ಲೂಕಿನ ತೆಂಕಣ ತುದಿಯಲ್ಲಿ, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ತಗ್ಗಿನಲ್ಲಿ, ಕಾಡು ಹೊದ್ದ ಗುಡ್ಡಗಳೇ ಸುತ್ತುವರಿದಿರುವುದರಿಂದ ಅಲ್ಲಿ ಬಂಡೆಯ ಆಸರೆಯೂ ಕಡಿಮೆ. ಅಂಥಲ್ಲಿ ಏಪ್ರಿಲ್, ಮೇ ತಿಂಗಳುಗಳ ಗುಡುಗುಮೋಡಗಳನ್ನು ಕಾಯುವುದೊಂದೇ ಲೇಸು: ಹತ್ತು ಕಿಲೋಮೀಟರಿಗೂ ಮೇಲೇರುವ ಆ ಮೋಡಗಳೊಳಗಿನ ಹನಿ ಮತ್ತು ಆಲಿಕಲ್ಲುಗಳು ಮೈಕ್ರೋವೇವ್ ಅಲೆಗಳನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ, ಗುಡ್ಡದ ಆಚೆ ಈಚೆ ಇರುವ ಇಬ್ಬರೂ ಒಂದೇ ಮೋಡಕ್ಕೆ ಡಿಶ್ ಹಿಡಿದು ಮಾತನಾಡಬಹುದು. ಹನಿಗಳು ಒಂದೊಂದೂ ಬೇರೆ ಬೇರೆ ವೇಗದಲ್ಲಿ ಚಲಿಸುವ ಕಾರಣ ಮರಳಿ ಬರುವ ಧ್ವನಿ ಒರಟಾಗಿ ಬುಸುಗುಟ್ಟುತ್ತದೆ. ಅದಕ್ಕಾಗಿಯೇ ಅನುಭವಿಗಳು ಮೈಕನ್ನು ಬದಿಗಿಟ್ಟು ಮೋರ್ಸ್ ಕೀಲಿಗೆ ಕೈಹಾಕುತ್ತಾರೆ.