ಗ್ಲೂಕೋಸ್ ನೀರು ಮತ್ತು ಗಟ್ಟಿ ತೋಳು

ವಾರ್ಡಿನ ಮನೆ ಭೇಟಿಗೆ ಹೋಗಿದ್ದಾಗ ಒಬ್ಬ ತಾಯಿ ನನ್ನೆದುರು ಮಗನ ಮೇಲೆ ದೂರಿಟ್ಟರು. "ಫಾದರ್, ಇವನಿಗೆ ನೀವಾದರೂ ಸ್ವಲ್ಪ ಹೇಳಿ. ಸಂಜೆ ಜಿಮ್ಮಿನಿಂದ ಬಂದವನೇ ದೊಡ್ಡ ಲೋಟದಲ್ಲಿ ಗ್ಲೂಕೋಸ್ ಕದಡಿ ಕುಡಿಯುತ್ತಾನೆ. ಮತ್ತೆ ಊಟ ಬೇಡವಂತೆ. ಮಾಡಿದ ಮೀನು ಸಾರು ಹಾಗೆಯೇ ಉಳಿಯುತ್ತದೆ."

ಮಗ ಬಿಟ್ಟುಕೊಡಲಿಲ್ಲ. "ಸಕ್ಕರೆ ಹೋದರೆ ಇನ್ಸುಲಿನ್ ಬರುತ್ತದೆ, ಇನ್ಸುಲಿನ್ ಬಂದರೆ ಮಸಲ್ ಬೆಳೆಯುತ್ತದೆ ಫಾದರ್. ಎಲ್ಲರೂ ಹಾಗೇ ಮಾಡುವುದು."

ಆ ಮನೆಯ ಯಜಮಾನರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಾಗಾಗಿ ತಾಯಿಯ ಚಿಂತೆ ಬರೀ ಉಳಿದ ಸಾರಿನದ್ದಲ್ಲ.

ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ಸ್ನಾಯುಗಳಲ್ಲಿ ಪ್ರೋಟೀನ್ ಕಟ್ಟುವ ಕೆಲಸವೂ ಕರಗುವ ಕೆಲಸವೂ ಸದಾ ನಡೆಯುತ್ತಿರುತ್ತವೆ. ಭಾರ ಎತ್ತಿದ ಮೇಲೆ ಎರಡೂ ಚುರುಕಾಗುತ್ತವೆ. ಆದರೆ ಹೊಟ್ಟೆ ಖಾಲಿಯಿದ್ದರೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು. ಅಷ್ಟು ಬೆವರು ಸುರಿಸಿದರೂ ಲೆಕ್ಕ ನಷ್ಟದಲ್ಲೇ ಇರುತ್ತದೆ.

ಆಗ ಬರೀ ಸಕ್ಕರೆ ಕೊಟ್ಟರೆ? ಅಮೆರಿಕದ ಗ್ಯಾಲ್ವೆಸ್ಟನ್ ನಗರದ ಸಂಶೋಧಕರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ವ್ಯಾಯಾಮ ಮುಗಿದು ಒಂದು ಗಂಟೆಯ ನಂತರ ಎಂಟು ಮಂದಿಗೆ 100 ಗ್ರಾಂ ಕಾರ್ಬೋಹೈಡ್ರೇಟ್ ಬೆರೆಸಿದ ಪಾನೀಯ, ಇನ್ನೆಂಟು ಮಂದಿಗೆ ಸತ್ವವಿಲ್ಲದ ಪಾನೀಯ ಕೊಟ್ಟರು. ನೂರು ಗ್ರಾಂ ಎಂದರೆ ಸುಮಾರು 20 ಟೀ ಚಮಚ! ಸಕ್ಕರೆ ಕುಡಿದವರಲ್ಲಿ ಲೆಕ್ಕ ಸುಧಾರಿಸಿತು, ನಿಜ. ಆದರೆ ಮುಖ್ಯವಾಗಿ ಕರಗುವುದು ಕಡಿಮೆಯಾದದ್ದರಿಂದ, ಅದೂ ನಿಧಾನವಾಗಿ. ಪ್ರೋಟೀನಿನ ಅಂಶಗಳಾದ ಅಮೈನೋ ಆಮ್ಲಗಳನ್ನು ಕೊಟ್ಟಾಗ ಆಗುವ ಲಾಭದ ಮುಂದೆ ಇದು ಅಲ್ಪವೇ. ಇನ್ಸುಲಿನ್ ಕರಗುವುದನ್ನು ತಡೆಯಬಲ್ಲದು. ಆದರೆ ಕಲ್ಲು ಇಲ್ಲದೆ ಮೇಸ್ತ್ರಿ ಗೋಡೆ ಕಟ್ಟಿಯಾನೇ?

ಕಲ್ಲೂ ಇದೆ, ಸಕ್ಕರೆಯೂ ಇದೆ ಎಂದಾದರೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರಿಗೆ ಒಮ್ಮೆ ಹಾಲಿನಿಂದ ತೆಗೆದ 25 ಗ್ರಾಂ ಪ್ರೋಟೀನ್ ಮಾತ್ರ ಕೊಟ್ಟರು, ಇನ್ನೊಮ್ಮೆ ಅದರ ಜೊತೆ 50 ಗ್ರಾಂ ಕಾರ್ಬೋಹೈಡ್ರೇಟ್ ಸೇರಿಸಿ ಕೊಟ್ಟರು. ಕಟ್ಟುವುದರಲ್ಲಾಗಲಿ ಕರಗುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಪ್ರೋಟೀನ್ ತಿಂದಾಗ ಏರುವ ಇನ್ಸುಲಿನ್ನೇ ಆ ಕೆಲಸಕ್ಕೆ ಸಾಕಾಗುತ್ತದೆ. ಮೇಲೆ ಸುರಿದ 200 ಕ್ಯಾಲರಿ ತೋಳಿಗೆ ಸೇರಲಿಲ್ಲ.

"ಹಾಗಾದರೆ ಅನ್ನ ಬಿಡಲೇ ಫಾದರ್?" ಎಂದು ಹುಡುಗ ಕೇಳಿದ. ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯುವುದು ಈ ಪ್ರಾಯದ ಸ್ವಭಾವ, ನಾವೂ ಹಾಗೆಯೇ ಇದ್ದೆವು. ಅನ್ನಕ್ಕೆ ಬೇರೆ ಕೆಲಸವಿದೆ. ವ್ಯಾಯಾಮದಲ್ಲಿ ಖರ್ಚಾಗುವ ಗ್ಲೈಕೋಜನ್ ಎಂಬ ಸ್ನಾಯುವಿನ ಇಂಧನವನ್ನು ಅದು ತುಂಬಿಕೊಡುತ್ತದೆ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಮತ್ತೊಂದು ಆಡುವವರು ಬೇಗ ತುಂಬಿಸಿಕೊಳ್ಳಬೇಕು. ದಿನಕ್ಕೊಮ್ಮೆ ಜಿಮ್ಮಿಗೆ ಹೋಗುವವನಿಗೆ ಮರುದಿನದೊಳಗೆ ಮನೆಯ ಊಟವೇ ತುಂಬಿಸುತ್ತದೆ.

ಪ್ರೋಟೀನಿಗೂ ದುಬಾರಿ ಡಬ್ಬಿ ಬೇಕಿಲ್ಲ. ಮುಳ್ಳು ತೆಗೆದ 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಇದೆ. ಎರಡು ಮೊಟ್ಟೆ, ದೊಡ್ಡ ಲೋಟ ಹಾಲು ಸೇರಿದರೂ ಹತ್ತಿರ ಹತ್ತಿರ ಅಷ್ಟೇ. ಮೀನು ತಿನ್ನದವರಿಗೆ ಕಡಲೆ, ಹೆಸರುಕಾಳು, ಮೊಸರು ಇವೆ. ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ ಮಗನಿಗೂ ಅಪಾಯ ಹೆಚ್ಚು. ಅಂಥವನು ದಿನವೂ ಸಿಹಿ ನೀರು ಕುಡಿಯುವ ಅಭ್ಯಾಸ ಮಾಡಿಕೊಳ್ಳುವುದು ಸರಿಯಲ್ಲ ಎಂದು ತಂದೆಯ ಎದುರಿಗೇ ಹೇಳಿದೆ.

ತಾಯಿ ಅಷ್ಟರಲ್ಲಿ ಸಾರು ಬಿಸಿ ಮಾಡಿ ಮೂರು ತಟ್ಟೆ ಇಟ್ಟಿದ್ದರು. ಹುಡುಗ ಎರಡು ಬಂಗುಡೆ ಹಾಕಿಸಿಕೊಂಡ.